ಪ್ಲೇಟಿನಲ್ಲಿ ಬೆಳೆಯುತ್ತಿದೆ, ಡೇಟಾಬೇಸಿನ ಪ್ರಕಾರ ಮಾರ್ಗವೇ ಇಲ್ಲ: ಯಾವುದನ್ನು ನಂಬಬೇಕು?

ಕಾಡಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಮಣ್ಣಿನಿಂದ ಬೇರ್ಪಡಿಸಿದ ಬ್ಯಾಸಿಲಸ್ ಮೇಲೆ ಪ್ರಾಜೆಕ್ಟ್ ನಡೆಯುತ್ತಿದೆ. ಜೀನೋಮ್ ಓದಿಸಿದ್ದೇವೆ, ಜೀನ್‌ಗಳಿಗೆಲ್ಲ ಹೆಸರು ಕೊಟ್ಟ ಕಡತವೂ ಹೊರಗಿನ ಲ್ಯಾಬಿನಿಂದ ಬಂದಿದೆ. ಈ ಬ್ಯಾಕ್ಟೀರಿಯಾ ಯಾವ ಯಾವ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಬಲ್ಲದು ಎಂದು ಪಟ್ಟಿ ಮಾಡಲು ಗೈಡ್ ಹೇಳಿದ್ದಾರೆ.

ಲೈಸೀನ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಇಕೋಸೈಕ್ ಎಂಬ ಡೇಟಾಬೇಸಿನಿಂದ ಇ. ಕೋಲೈಯ ಲೈಸೀನ್ ಜೀನ್‌ಗಳನ್ನು ತೆಗೆದುಕೊಂಡು ನನ್ನ ಜೀನೋಮಿನಲ್ಲಿ ಬ್ಲಾಸ್ಟ್ ಮಾಡಿದೆ, ಅಂದರೆ ಅವುಗಳನ್ನು ಹೋಲುವ ಜೀನ್‌ಗಳನ್ನು ಹುಡುಕಿದೆ. ಡ್ಯಾಪ್-ಎ, ಡ್ಯಾಪ್-ಬಿ, ಡ್ಯಾಪ್-ಎಫ್, ಲೈಸ್-ಎ ಚೆನ್ನಾಗಿಯೇ ಸಿಕ್ಕವು. ನಡುವಿನ ಡ್ಯಾಪ್-ಡಿ ಮತ್ತು ಡ್ಯಾಪ್-ಇ ಮಾತ್ರ ಸಿಗಲಿಲ್ಲ. ತೀರಾ ದುರ್ಬಲವಾದ ಕೆಲವು ಹೋಲಿಕೆಗಳಿವೆ. ಅವುಗಳಲ್ಲೊಂದರ ಮುಂದೆ ಕಡತದಲ್ಲಿ ಬರೆದಿರುವುದು ಬರೀ "ಎಂ20 ಕುಟುಂಬದ ಪೆಪ್ಟಿಡೇಸ್" ಎಂದು. ಹಾಗಾದರೆ ಲೈಸೀನ್ ಮಾರ್ಗ ಅಪೂರ್ಣ ಎಂದು ಬರೆಯಬೇಕು. ಆದರೆ ಗ್ಲೂಕೋಸ್, ಅಮೋನಿಯಂ ಲವಣ ಬಿಟ್ಟು ಬೇರೇನೂ ಇಲ್ಲದ ಮಿನಿಮಲ್ ಮೀಡಿಯಂನಲ್ಲಿ, ಲೈಸೀನ್ ಹಾಕದೆಯೇ, ಅದು ಸೊಗಸಾಗಿ ಬೆಳೆಯುತ್ತಿದೆ. ಪ್ಲೇಟನ್ನು ನಂಬಲೇ, ಡೇಟಾಬೇಸನ್ನು ನಂಬಲೇ?

ನಿವೃತ್ತ ಮೇಷ್ಟ್ರು

ಪ್ಲೇಟನ್ನೇ ನಂಬಿ. ಡೇಟಾಬೇಸ್ ಕೂಡ ತಪ್ಪು ಹೇಳಿಲ್ಲ. ಇಕೋಸೈಕ್ ಇರುವುದು ಇ. ಕೋಲೈ ಕೆ-12 ಎಂಬ ಒಂದು ತಳಿಗಾಗಿ. ಇ. ಕೋಲೈ ಲೈಸೀನನ್ನು ಹೇಗೆ ಮಾಡುತ್ತದೆ ಎಂದು ನೀವು ಕೇಳಿದಿರಿ, ಅದು ಉತ್ತರ ಕೊಟ್ಟಿತು. ನಿಮ್ಮ ಬ್ಯಾಸಿಲಸ್ ಅದೇ ದಾರಿಯಲ್ಲಿ ನಡೆಯಬೇಕೆಂದು ಯಾರೂ ಹೇಳಿಲ್ಲ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಲ್ಕು ದಶಕ ಪಾಠ ಮಾಡಿದ ಮೇಲೂ ನನಗೆ ಬೇಸರ ಬಾರದ ಮಾರ್ಗ ಇದು. ಆಸ್ಪಾರ್ಟೇಟ್‌ನಿಂದ ಹೊರಟು ಡ್ಯಾಪ್-ಎ, ಡ್ಯಾಪ್-ಬಿ ದಾಟಿದ ಮೇಲೆ ಟೆಟ್ರಾಹೈಡ್ರೊಡೈಪಿಕೊಲಿನೇಟ್ ಎಂಬ ಸಂಯುಕ್ತ ಸಿಗುತ್ತದೆ. ಅಲ್ಲಿಂದ ಮೆಸೊ-ಡೈಅಮೈನೊಪಿಮೆಲೇಟ್, ಅಂದರೆ ಡಿಎಪಿ, ತಲುಪಬೇಕು. ಡಿಎಪಿ ಆದ ಮೇಲೆ ಲೈಸ್-ಎ ಒಂದೇ ಹೆಜ್ಜೆಯಲ್ಲಿ ಲೈಸೀನ್ ಮಾಡಿಬಿಡುತ್ತದೆ. ತೊಡಕಿರುವುದು ಟೆಟ್ರಾಹೈಡ್ರೊಡೈಪಿಕೊಲಿನೇಟ್ ಮತ್ತು ಡಿಎಪಿಗಳ ನಡುವೆ. ಆ ಅಣು ಸರಪಳಿಯಾಗಿ ತೆರೆದುಕೊಂಡರೂ ಮತ್ತೆ ಉಂಗುರವಾಗಿ ಮಡಚಿಕೊಳ್ಳುವ ಸ್ವಭಾವದ್ದು. ಮಡಚಿಕೊಳ್ಳದಂತೆ ಅದರ ಅಮೈನೋ ತುದಿಗೆ ಏನಾದರೂ ಅಂಟಿಸಬೇಕು. ಇ. ಕೋಲೈ ಸಕ್ಸಿನೈಲ್ ಗುಂಪನ್ನು ಅಂಟಿಸುತ್ತದೆ; ಆ ಕೆಲಸ ಡ್ಯಾಪ್-ಡಿಯದು. ಕೆಲಸ ಮುಗಿದ ಮೇಲೆ ಅದನ್ನು ಕಿತ್ತುಹಾಕುವುದು ಡ್ಯಾಪ್-ಇ. ಬ್ಯಾಸಿಲಸ್ ಸಬ್ಟಿಲಿಸ್ ಅಂಟಿಸುವುದು ಸಕ್ಸಿನೈಲ್ ಅಲ್ಲ, ಅಸಿಟೈಲ್. ಅಂಟಿಸುವ ಕಿಣ್ವ ಬೇರೆ, ಕೀಳುವ ಕಿಣ್ವ ಬೇರೆ. ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಮ್‌ನಲ್ಲಿ ಸಕ್ಸಿನೈಲ್ ದಾರಿಯ ಜೊತೆಗೆ ಇನ್ನೊಂದು ಒಳದಾರಿಯೂ ಇದೆ: ಒಂದೇ ಡಿಹೈಡ್ರೋಜಿನೇಸ್ ಒಂದೇ ನೆಗೆತಕ್ಕೆ ಡಿಎಪಿ ಮುಟ್ಟಿಸುತ್ತದೆ. ಸಸ್ಯಗಳಲ್ಲಿ, ಕ್ಲಮೈಡಿಯಾದಲ್ಲಿ ನಾಲ್ಕನೆಯ ದಾರಿ; ಅಲ್ಲಿ ಅಮೈನೊಟ್ರಾನ್ಸ್‌ಫರೇಸ್ ಒಂದೇ ಸಾಕು, ಏನನ್ನೂ ಅಂಟಿಸುವುದಿಲ್ಲ.

ಇನ್ನೊಂದು ಮಾತು. ಡಿಎಪಿ ಬರೀ ಲೈಸೀನಿನ ಮೆಟ್ಟಿಲಲ್ಲ. ನಿಮ್ಮ ಬ್ಯಾಸಿಲಸ್‌ನ ಕೋಶಭಿತ್ತಿಯ ಪೆಪ್ಟಿಡೊಗ್ಲೈಕಾನ್‌ನಲ್ಲಿ ಅದೇ ಕೊಂಡಿ. ಡಿಎಪಿ ತಯಾರಿಸಲಾರದ ಬ್ಯಾಸಿಲಸ್‌ಗೆ ಲೈಸೀನ್ ಎಷ್ಟು ಸುರಿದರೂ ಗೋಡೆ ನಿಲ್ಲುವುದಿಲ್ಲ, ಕೋಶ ಒಡೆಯುತ್ತದೆ. ಆದ್ದರಿಂದ "ಈ ಮಾರ್ಗ ಇಲ್ಲ" ಎಂದು ಬರೆಯುವ ಮೊದಲೇ ಸಂಶಯ ಬರಬೇಕಿತ್ತು.

ಹಲವು ಜೀವಿಗಳ ಮಾರ್ಗಗಳನ್ನು ಕೂಡಿಸಿಟ್ಟ ಮೆಟಾಸೈಕ್ ಡೇಟಾಬೇಸ್ ತೆರೆದು ಲೈಸೀನ್ ಎಂದು ಹುಡುಕಿ. ಅಲ್ಲಿ ಒಂದು, ಎರಡು, ಮೂರು ಎಂದು ರೋಮನ್ ಅಂಕಿ ಹಾಕಿದ ಮಾರ್ಗಗಳ ಸಾಲೇ ಸಿಗುತ್ತದೆ. ಒಂದನೆಯದು ಇ. ಕೋಲೈಯ ಸಕ್ಸಿನೈಲ್ ದಾರಿ, ಎರಡನೆಯದು ಅಸಿಟೈಲ್ ದಾರಿ. ನಿಮಗೆ ಬೇಕಾದದ್ದು ಎರಡನೆಯದು.

ದತ್ತಸಾಲು

ಮೇಷ್ಟ್ರು ಹೇಳಿದ ಮೇಲೆ ರಸಾಯನಶಾಸ್ತ್ರದ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಹುಡುಕುವ ಕ್ರಮದ ಬಗ್ಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಜೀನೋಮ್ ವಿಶ್ಲೇಷಣೆಯೇ ನನ್ನ ಕೆಲಸ.

ನಿಮ್ಮ ಪ್ರೋಟೀನ್ ಕಡತವನ್ನು ಕೆಗ್ ಎಂಬ ಮಾರ್ಗನಕ್ಷೆಗಳ ಡೇಟಾಬೇಸಿನ ಬ್ಲಾಸ್ಟ್‌ಕೋಆಲಾ ಸಾಧನಕ್ಕೆ ಕೊಡಿ. ಲೈಸೀನಿನ ನಕ್ಷೆಯಲ್ಲಿ ನಾಲ್ಕು ದಾರಿಗಳನ್ನೂ ಒಂದೇ ಹಾಳೆಯಲ್ಲಿ ಬಿಡಿಸಿಟ್ಟಿದ್ದಾರೆ, ನಿಮ್ಮಲ್ಲಿರುವ ಪೆಟ್ಟಿಗೆಗಳಿಗೆ ಮಾತ್ರ ಬಣ್ಣ ಬರುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಅಸಿಟೈಲ್ ಅಂಟಿಸುವ ಜೀನ್ ಡ್ಯಾಪ್-ಎಚ್. ಅದರ ಹಳೆಯ ಹೆಸರು ವೈ-ಕೆ-ಯು-ಕ್ಯು. ಕೀಳುವುದು ವೈ-ಕೆ-ಯು-ಆರ್. ಎರಡೂ ಅಕ್ಕಪಕ್ಕದಲ್ಲೇ ಇವೆ. ಈಗ ನಿಮ್ಮ "ಎಂ20 ಕುಟುಂಬದ ಪೆಪ್ಟಿಡೇಸ್" ಅನ್ನು ಮತ್ತೊಮ್ಮೆ ನೋಡಿ. ವೈ-ಕೆ-ಯು-ಆರ್ ಕೂಡ ಎಂ20 ಕುಟುಂಬಕ್ಕೇ ಸೇರಿದ್ದು. ಕಡತ ನಿಮಗೆ ಕುಟುಂಬದ ಹೆಸರನ್ನಷ್ಟೇ ಹೇಳಿದೆ, ವ್ಯಕ್ತಿಯ ಹೆಸರನ್ನು ಹೇಳಿಲ್ಲ.

ಒಂದು ಎಚ್ಚರಿಕೆ. ಬಣ್ಣ ಬಂದ ಪೆಟ್ಟಿಗೆ ಎಂದರೆ "ಹೋಲುವ ಜೀನ್ ಇದೆ" ಎಂದಷ್ಟೇ ಅರ್ಥ. 2009ರಲ್ಲಿ ಪ್ಲಾಸ್ ಕಂಪ್ಯುಟೇಶನಲ್ ಬಯಾಲಜಿಯಲ್ಲಿ ಬಂದ ಅಧ್ಯಯನವೊಂದು ಈ ಕ್ಷೇತ್ರದಲ್ಲಿರುವ ಎಲ್ಲರೂ ಓದಲೇಬೇಕಾದದ್ದು. ಪ್ರಯೋಗದಿಂದ ಚೆನ್ನಾಗಿ ತಿಳಿದಿದ್ದ 37 ಕಿಣ್ವ ಕುಟುಂಬಗಳನ್ನು ಆರಿಸಿಕೊಂಡು, ನಾಲ್ಕು ದೊಡ್ಡ ಡೇಟಾಬೇಸುಗಳಲ್ಲಿ ಅವುಗಳಿಗೆ ಕೊಟ್ಟ ಹೆಸರು ಸರಿಯೇ ಎಂದು ಅದರಲ್ಲಿ ಪರೀಕ್ಷಿಸಿದ್ದರು. ಮನುಷ್ಯರು ಓದಿ ಬರೆಯುವ ಸ್ವಿಸ್-ಪ್ರಾಟ್‌ನಲ್ಲಿ ತಪ್ಪು ಹೆಚ್ಚುಕಡಿಮೆ ಸೊನ್ನೆ. ಉಳಿದ ಮೂರರಲ್ಲಿ, ಅಂದರೆ ಟ್ರೆಂಬಲ್, ಜೆನ್‌ಬ್ಯಾಂಕಿನ ಎನ್‌ಆರ್ ಮತ್ತು ಕೆಗ್‌ನಲ್ಲಿ, ಸರಾಸರಿ ಶೇ 5ರಿಂದ ಶೇ 63ರವರೆಗೆ. ಕೆಲವು ಕುಟುಂಬಗಳಲ್ಲಂತೂ ಶೇ 80ನ್ನೂ ದಾಟಿತ್ತು. ಬಹುಪಾಲು ತಪ್ಪು ಹುಟ್ಟುವುದು ಹೋಲಿಕೆ ಇರುವಷ್ಟಕ್ಕಿಂತ ಹೆಚ್ಚು ನಿಖರವಾದ ಹೆಸರು ಕೊಟ್ಟುಬಿಡುವುದರಿಂದ. ಒಮ್ಮೆ ಹೆಸರು ಅಂಟಿತೆಂದರೆ ಮುಂದಿನ ಜೀನೋಮ್ ಅದನ್ನು ನೋಡಿ ನಕಲು ಮಾಡುತ್ತದೆ, ಅದರ ಮುಂದಿನದು ಇದನ್ನು ನೋಡಿ.

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಜಮೀನು ಕೊಳ್ಳುವುದಿಲ್ಲ. ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂದು ಹಿಂದಿನ ಕಾಗದಪತ್ರ ತೆಗೆಸಿ ನೋಡುತ್ತಾರೆ. ಜೀನಿನ ಹೆಸರಿಗೂ ಅಷ್ಟೇ ಎಚ್ಚರ ಬೇಕು.

ತುಂಗೆಯ ತೀರ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇದೆ. ಇಲ್ಲಿಯ ಚರ್ಚೆಗಳನ್ನು ಓದುವುದು ರೂಢಿ. ಒಂದು ಪ್ರಶ್ನೆ ಇದೆ, ದಯವಿಟ್ಟು ಯಾರಾದರೂ ಹೇಳಿ. "ಮನುಷ್ಯರು ಓದಿ ಬರೆಯುವ" ಎಂದಿರಿ. ಯಾರು ಆ ಮನುಷ್ಯರು? ಒಂದು ಬ್ಯಾಕ್ಟೀರಿಯಾದ ಎಲ್ಲ ಜೀನ್‌ಗಳ ಬಗ್ಗೆ ಯಾರು ಕುಳಿತು ಬರೆಯುತ್ತಾರೆ?

ಹೊರನಾಡಿಗ

ನಿಮ್ಮ ಪ್ರಶ್ನೆಗೆ ನಾನು ಉತ್ತರಿಸಬಹುದು, ಏಕೆಂದರೆ ನಾನು ಮಾಡುವ ಕೆಲಸವೇ ಅದು. ಊರು ಸಾಗರ. ಈಗ ಯುರೋಪಿನಲ್ಲಿದ್ದೇನೆ, ಪ್ರೋಟೀನ್ ಡೇಟಾಬೇಸ್ ಒಂದರಲ್ಲಿ ಕ್ಯುರೇಟರ್, ಅಂದರೆ ಪ್ರಬಂಧಗಳನ್ನು ಓದಿ ಅದರ ಪುಟಗಳನ್ನು ಬರೆಯುವವನು.

ಮೊದಲು ಇಕೋಸೈಕ್ ಕಥೆ. 1992ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಪೀಟರ್ ಕಾರ್ಪ್ ಮತ್ತು ಮೋನಿಕಾ ರೈಲಿ ಇದನ್ನು ಶುರು ಮಾಡಿದರು. ಕಾರ್ಪ್ ಕಂಪ್ಯೂಟರ್ ವಿಜ್ಞಾನದವರು. ರೈಲಿ ವುಡ್ಸ್ ಹೋಲ್‌ನ ಸಾಗರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿದ್ದ ಬ್ಯಾಕ್ಟೀರಿಯಾ ತಜ್ಞೆ, ಇ. ಕೋಲೈಯಲ್ಲಿ ಅಲ್ಲಿಯವರೆಗೆ ತಿಳಿದಿದ್ದ ಜೀನ್‌ಗಳು ಏನು ಮಾಡುತ್ತವೆ ಎಂಬ ಪಟ್ಟಿಯನ್ನು 1993ರಲ್ಲೇ ಪ್ರಕಟಿಸಿದ್ದರು. ಆಗಿನ್ನೂ ಇ. ಕೋಲೈ ಜೀನೋಮ್ ಪೂರ್ತಿ ಓದಿ ಆಗಿರಲಿಲ್ಲ ಎಂಬುದನ್ನು ಗಮನಿಸಿ. ಅದು ಬಂದದ್ದು 1997ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ಲಾಟ್ನರ್ ತಂಡದಿಂದ: 46 ಲಕ್ಷಕ್ಕೂ ಹೆಚ್ಚು ಅಕ್ಷರಗಳು, 4,288 ಪ್ರೋಟೀನ್ ಜೀನ್‌ಗಳು. ಅವುಗಳಲ್ಲಿ ಶೇ 38ರ ಕೆಲಸವೇನೆಂದು ಗೊತ್ತಿರಲಿಲ್ಲ. ಯಾವ ಜೀನನ್ನು ಯಾವ ಪ್ರೋಟೀನ್ ಆನ್ ಮಾಡುತ್ತದೆ, ಯಾವುದು ಆಫ್ ಮಾಡುತ್ತದೆ ಎಂಬ ಭಾಗವನ್ನು ಮೆಕ್ಸಿಕೋದಲ್ಲಿ ಹೂಲಿಯೊ ಕೊಲ್ಯಾಡೊ-ವಿದೆಸ್ ಅವರ ತಂಡ ರೆಗ್ಯುಲಾನ್‌ಡಿಬಿ ಹೆಸರಿನಲ್ಲಿ ಕೂಡಿಸುತ್ತ ಬಂತು. ಇಂದು ಇಕೋಸೈಕ್‌ನ ಹಿಂದೆ 40 ಸಾವಿರಕ್ಕೂ ಹೆಚ್ಚು ಪ್ರಬಂಧಗಳಿವೆ. ಕ್ಯೋಟೋದಲ್ಲಿ ಮಿನೋರು ಕನೆಹಿಸಾ 1995ರಲ್ಲಿ ಆರಂಭಿಸಿದ ಕೆಗ್‌ನ ದಾರಿ ಬೇರೆ: ಎಲ್ಲ ಜೀವಿಗಳಿಗೂ ಹೊಂದುವ ಒಂದೇ ನಕ್ಷೆ ಬರೆದು, ಅದರ ಮೇಲೆ ಆಯಾ ಜೀವಿಗೆ ಬಣ್ಣ ಹಚ್ಚುವುದು. ಎರಡೂ ಬೇಕು. ನಕ್ಷೆ ಬೇಕಾದಾಗ ನಾನು ಕೆಗ್ ತೆರೆಯುತ್ತೇನೆ, ಪುರಾವೆ ಬೇಕಾದಾಗ ಇಕೋಸೈಕ್.

ಈಗ ಒಂದೇ ಒಂದು ಉದಾಹರಣೆ ಕೊಡುತ್ತೇನೆ. ಕೆಲಸ ಏನೆಂದು ತಿಳಿಯದ ಇ. ಕೋಲೈ ಜೀನ್‌ಗಳಿಗೆ ವೈ ಅಕ್ಷರದಿಂದ ಹೆಸರಿಡುವುದು ವಾಡಿಕೆ. ಇ. ಕೋಲೈಯ ವರ್ಣತಂತು ಉಂಗುರದಂತಿದೆ. ಹಳೆಯ ಪ್ರಯೋಗಗಳ ಕಾಲದಿಂದ ಅದನ್ನು 100 ನಿಮಿಷಗಳಾಗಿ ಅಳೆಯುತ್ತಾರೆ. ಹೆಸರಿನ ಎರಡನೆಯ ಅಕ್ಷರ ಎ-ಯಿಂದ ಜೆ-ವರೆಗೆ ಹತ್ತು ಹತ್ತು ನಿಮಿಷದ ತುಂಡನ್ನು ಹೇಳುತ್ತದೆ, ಮೂರನೆಯದು ಅದರೊಳಗಿನ ನಿಮಿಷವನ್ನು. ವೈ-ಸಿ-ಡಿ ಎಂದರೆ 23ನೆಯ ನಿಮಿಷದ ಜಾಗ. ಅಲ್ಲಿ ಏಳು ಅನಾಮಧೇಯ ಜೀನ್‌ಗಳು ಸಾಲಾಗಿ ಕುಳಿತಿದ್ದವು. ಜೀನೋಮಿನಲ್ಲಿ ಮೊದಲನೆಯದರ ಸಂಖ್ಯೆ ಬಿ1012.

2006ರಲ್ಲಿ ಬರ್ಕ್ಲಿಯ ಸಿಡ್ನಿ ಕುಸ್ಟು ಅವರ ಪ್ರಯೋಗಾಲಯ ಈ ಏಳರ ಕೆಲಸವನ್ನು ಪತ್ತೆ ಹಚ್ಚಿತು. ಸಾರಜನಕ ಕಡಿಮೆಯಾದಾಗ ಇವು ಜೋರಾಗಿ ಎಚ್ಚರಗೊಳ್ಳುತ್ತವೆ ಎಂಬ ಸುಳಿವು ಅವರಿಗೆ ಮೊದಲೇ ಇತ್ತು. ಈ ಜೀನ್‌ಗಳನ್ನು ಕೆಡಿಸಿದ ತಳಿಗಳು ಯುರಾಸಿಲ್ ಅಥವಾ ಯುರಿಡೀನನ್ನು ಮಾತ್ರ ಸಾರಜನಕದ ಮೂಲವಾಗಿ ಕೊಟ್ಟರೆ ಬೆಳೆಯಲಿಲ್ಲ. ಕೆಡಿಸದ ಮೂಲ ತಳಿ ಬೆಳೆಯಿತು, ಆದರೆ ಕೋಣೆಯ ಉಷ್ಣಾಂಶದಲ್ಲಿ ಮಾತ್ರ. 37 ಡಿಗ್ರಿಯಲ್ಲಿ ಬೆಳೆಯಲಿಲ್ಲ. ಪ್ರಪಂಚದ ಬಹುತೇಕ ಲ್ಯಾಬುಗಳು ಇ. ಕೋಲೈಯನ್ನು 37ರಲ್ಲಿಯೇ ಬೆಳೆಸುತ್ತವೆ. ಅಷ್ಟೊಂದು ಅಧ್ಯಯನ ಆದ ಬ್ಯಾಕ್ಟೀರಿಯಾದಲ್ಲಿ ಯುರಾಸಿಲ್‌ನಂಥ ಪಿರಿಮಿಡೀನ್‌ಗಳನ್ನು ಒಡೆಯುವ ಒಂದು ಇಡೀ ಮಾರ್ಗ ಅಲ್ಲಿಯವರೆಗೆ ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣವಾಗಿರಬಹುದು ಎಂದು ನನಗೆ ಅನ್ನಿಸುತ್ತದೆ. ಪಿರಿಮಿಡೀನ್ ಉಂಗುರದಲ್ಲಿ ಉಳಿದ ಮೂರು ಇಂಗಾಲದ ತುಂಡು 3-ಹೈಡ್ರಾಕ್ಸಿಪ್ರೊಪಿಯೋನಿಕ್ ಆಮ್ಲವಾಗಿ ಹೊರಗೆ ಬೀಳುತ್ತದೆ ಎಂದೂ ಅವರು ತೋರಿಸಿದರು. ಜೀನ್‌ಗಳಿಗೆ ರುಟ್-ಎಯಿಂದ ರುಟ್-ಜಿವರೆಗೆ ಹೊಸ ಹೆಸರು ಬಂತು.

ಇಂಥ ಪ್ರಬಂಧ ಕೈಗೆ ಬಂದಾಗ ಕ್ಯುರೇಟರ್ ಮಾಡುವುದೇನು? ಸಾರಾಂಶ ಓದಿ ಹೆಸರು ಬದಲಿಸಿ ಕೈತೊಳೆದುಕೊಳ್ಳುವುದಲ್ಲ. ನಾನು ಮೊದಲು ಓದುವುದು ವಿಧಾನದ ಭಾಗವನ್ನು. ಯಾವ ತಳಿ? ಜೀನ್ ತೆಗೆದದ್ದು ಪೂರ್ತಿಯೋ, ನಡುವೆ ಏನನ್ನೋ ತುರುಕಿ ಕೆಡಿಸಿದ್ದೋ? ತುರುಕಿದ್ದಾದರೆ ಪಕ್ಕದ ಜೀನ್‌ಗೂ ಪೆಟ್ಟು ಬಿದ್ದಿರಬಹುದು. ತೆಗೆದ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಮರಳಿ ಕೊಟ್ಟಾಗ ಬೆಳವಣಿಗೆ ಮರಳಿತೇ? ಕಿಣ್ವದ ಚಟುವಟಿಕೆ ಅಳೆದದ್ದು ಶುದ್ಧೀಕರಿಸಿದ ಪ್ರೋಟೀನಿನಲ್ಲೋ, ಇಡೀ ಕೋಶದ ರಸದಲ್ಲೋ? ಒಂದೊಂದಕ್ಕೂ ಬೇರೆ ಬೇರೆ ಪುರಾವೆ ಸಂಕೇತವಿದೆ. ಕೊನೆಗೆ ಒಂದು ಪ್ಯಾರಾ ವಿವರಣೆ ಬರೆಯುತ್ತೇನೆ. ರುಟ್ ಜೀನ್‌ಗಳಂಥ ಪ್ರಸಂಗದಲ್ಲಿ ಉಷ್ಣಾಂಶದ ಸಂಗತಿಯನ್ನು ಬಿಟ್ಟರೆ ಆ ಪ್ಯಾರಾ ಬರೆದೂ ವ್ಯರ್ಥ. ರುಟ್-ಎಯ ಮೊದಲ ಹೆಜ್ಜೆಯಲ್ಲಿ ಉಂಗುರ ಹೇಗೆ ಒಡೆಯುತ್ತದೆ ಎಂಬುದರ ಮೇಲೆ ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ವಿವರಣೆಗಳು ಬಂದವು. ಹಾಗೆ ಬಂದಾಗಲೆಲ್ಲ ಆ ಪುಟವನ್ನು ಮತ್ತೆ ತೆರೆಯಬೇಕಾಗುತ್ತದೆ.

ತುಂಗೆಯ ತೀರ

ತುಂಬ ಧನ್ಯವಾದ ಹೊರನಾಡಿಗ ಅವರೇ. ಕೋಣೆಯ ಉಷ್ಣಾಂಶದ ವಿಷಯವನ್ನು ಮನೆಯವರಿಗೂ ಓದಿ ಹೇಳಿದೆ. ಆ ಶೇ 38 ಈಗ ಎಷ್ಟಾಗಿದೆ?

ದತ್ತಸಾಲು

2019ರಲ್ಲಿ ಸ್ಯಾನ್ ಡಿಯಾಗೋದ ಪಾಲ್ಸನ್ ತಂಡ ಎಣಿಸಿ ನೋಡಿತು. ಪ್ರಯೋಗದ ಪುರಾವೆ ಇಲ್ಲದ ಜೀನ್‌ಗಳು ಸುಮಾರು ಶೇ 35. ಎರಡು ಎಣಿಕೆಗಳ ಅಳತೆಗೋಲು ಒಂದೇ ಅಲ್ಲ, ಹೋಲಿಸುವಾಗ ಅದು ನೆನಪಿರಲಿ: 1997ರಲ್ಲಿ ಹೋಲಿಕೆಯಿಂದ ಊಹಿಸಿದ ಕೆಲಸವನ್ನೂ "ಗೊತ್ತಿದೆ" ಎಂದು ಲೆಕ್ಕಕ್ಕೆ ಹಿಡಿದಿದ್ದರು, 2019ರಲ್ಲಿ ಪ್ರಯೋಗವನ್ನೇ ಕೇಳಿದರು. ಆದರೂ ಭೂಮಿಯ ಮೇಲೆ ಅತಿ ಹೆಚ್ಚು ಅಧ್ಯಯನ ಆದ ಬ್ಯಾಕ್ಟೀರಿಯಾದ ಸ್ಥಿತಿ ಇದು. ಮೂಡಿಗೆರೆಯ ಬ್ಯಾಸಿಲಸ್‌ನ ಗತಿ ಏನಿರಬಹುದು, ಯೋಚಿಸಿ.

ವೇಗವಾಹಿನಿ

ಎಲ್ಲರ ಶ್ರಮಕ್ಕೂ ಗೌರವವಿದೆ. ಆದರೆ ಈ ಕ್ರಮ ಎಷ್ಟು ದಿನ ನಡೆಯಬಹುದು? ಸ್ವಿಸ್-ಪ್ರಾಟ್, ಟ್ರೆಂಬಲ್ ಎರಡೂ ಸೇರಿದ ಯುನಿಪ್ರಾಟ್‌ನಲ್ಲಿ ಮನುಷ್ಯರು ಪರಿಶೀಲಿಸಿದ ನಮೂದುಗಳು ಐದು ಮುಕ್ಕಾಲು ಲಕ್ಷದ ಆಸುಪಾಸು. ಪರಿಶೀಲಿಸದೆ ಬಿದ್ದಿರುವವು ಅನೇಕ ಕೋಟಿ. ಈ ಅಂತರ ಅಗಾಧ. ಈಗಿನ ಭಾಷಾ ಮಾದರಿಗಳು ಒಂದು ರಾತ್ರಿಯಲ್ಲಿ ಸಾವಿರಾರು ಪ್ರಬಂಧ ಓದುತ್ತವೆ. ಪ್ರೋಟೀನಿನ ಆಕಾರವನ್ನು ಆಲ್ಫಾಫೋಲ್ಡ್ ಹೇಳುತ್ತದೆ. ಕೈಯಿಂದ ಒಂದೊಂದೇ ಪ್ರಬಂಧ ಓದುವ ಕೆಲಸಕ್ಕೆ ಸರ್ಕಾರಗಳು ಇನ್ನೂ ಹಣ ಕೊಡಬೇಕೇ? ಆ ಹಣದಲ್ಲಿ ಹೊಸ ಪ್ರಯೋಗ ಮಾಡಿಸಿದರೆ ಆ ಶೇ 35 ಬೇಗ ಇಳಿಯುವುದಿಲ್ಲವೇ? ನನಗೆ ಇದು ನಿಜವಾದ ಪ್ರಶ್ನೆ, ವಾದಕ್ಕಾಗಿ ಹೇಳುತ್ತಿಲ್ಲ.

ಆಮ್ಲಸ್ಥಿರ

ಪ್ರಶ್ನೆ ನ್ಯಾಯವಾದದ್ದೇ. ನಾನು ಕ್ಷಯದ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತೇನೆ, ಅಲ್ಲಿಂದಲೇ ಉತ್ತರಿಸುತ್ತೇನೆ.

ಎಚ್37ಆರ್‌ವಿ ತಳಿಯ ಜೀನೋಮ್ 1998ರಲ್ಲಿ ಬಂತು, 44 ಲಕ್ಷ ಅಕ್ಷರ, ಸುಮಾರು 4,000 ಜೀನ್. ಅದರಲ್ಲಿ ಆರ್‌ವಿ1248ಸಿ ಎಂಬುದೊಂದು. ಕೊನೆಯ ಸಿ ಎಂದರೆ ಜೀನ್ ಎದುರು ಎಳೆಯಲ್ಲಿದೆ ಎಂದು. ಹೋಲಿಕೆ ನೋಡಿ ಅದಕ್ಕೆ ಸುಕ್-ಎ ಎಂದು ಹೆಸರಿಟ್ಟರು, ಅಂದರೆ ಸಿಟ್ರಿಕ್ ಆಮ್ಲ ಚಕ್ರದ ಆಲ್ಫಾ-ಕೀಟೊಗ್ಲುಟಾರೇಟ್ ಡಿಹೈಡ್ರೋಜಿನೇಸ್‌ನ ಒಂದು ಭಾಗ. ಚಕ್ರ ಪೂರ್ತಿಯಾಯಿತು, ನಕ್ಷೆಯಲ್ಲಿ ಬಣ್ಣ ತುಂಬಿತು. 2005ರಲ್ಲಿ ನ್ಯೂಯಾರ್ಕಿನ ಕಾರ್ಲ್ ನೇಥನ್ ಅವರ ಪ್ರಯೋಗಾಲಯ ಕ್ಷಯದ ಬ್ಯಾಕ್ಟೀರಿಯಾದ ಕೋಶರಸದಲ್ಲಿ ಆ ಡಿಹೈಡ್ರೋಜಿನೇಸ್ ಚಟುವಟಿಕೆಯನ್ನು ಹುಡುಕಿತು. ಸಿಗಲಿಲ್ಲ. ಆರ್‌ವಿ1248ಸಿ ಪ್ರೋಟೀನನ್ನು ಶುದ್ಧ ಮಾಡಿ ನೋಡಿದರೆ ಅದು ಡಿಕಾರ್ಬಾಕ್ಸಿಲೇಸ್‌ನಂತೆ ವರ್ತಿಸಿ ಸಕ್ಸಿನಿಕ್ ಸೆಮಿಆಲ್ಡಿಹೈಡ್ ಕೊಟ್ಟಿತು. ಚಕ್ರ ಬೇರೆ ದಾರಿಯಲ್ಲಿ ಸುತ್ತುತ್ತದೆ ಎಂದಾಯಿತು. 2010ರಲ್ಲಿ ಇನ್ನೊಂದು ಪ್ರಬಂಧ: ಅದರ ಕೆಲಸ ಹೈಡ್ರಾಕ್ಸಿ-ಆಕ್ಸೊಅಡಿಪೇಟ್ ತಯಾರಿಸುವುದು. 2011ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯವರು, ಜೊತೆಗಾರ ಪ್ರೋಟೀನುಗಳನ್ನು ಕೊಟ್ಟು ಅಸಿಟೈಲ್-ಕೋಎಯಿಂದ ಪ್ರಚೋದಿಸಿದರೆ ಅದೇ ಪ್ರೋಟೀನ್ ಡಿಹೈಡ್ರೋಜಿನೇಸ್ ಕೆಲಸವನ್ನೂ ಮಾಡುತ್ತದೆ ಎಂದು ತೋರಿಸಿದರು.

ಈ ಪ್ರಬಂಧಗಳನ್ನು ಯಂತ್ರ ಓದಿ ಸಾರಾಂಶ ಕೊಡುವುದು ಕಷ್ಟವಲ್ಲ, ಒಪ್ಪುತ್ತೇನೆ. ಆದರೆ ಪುಟದಲ್ಲಿ ಏನು ಬರೆಯಬೇಕು? ಕೊನೆಯ ಪ್ರಬಂಧ ಗೆದ್ದಿತು ಎಂದೇ? ಹೆಚ್ಚು ಪ್ರಬಂಧಗಳು ಹೇಳಿದ್ದೇ ಸರಿ ಎಂದೇ? ಕೋಶರಸದಲ್ಲಿ ಚಟುವಟಿಕೆ ಸಿಗಲಿಲ್ಲ ಎಂಬುದಕ್ಕೂ, ಚಟುವಟಿಕೆ ಇಲ್ಲ ಎಂಬುದಕ್ಕೂ ಅಂತರವಿದೆ. ಪ್ರಚೋದಕ ಹಾಕದೆ ಅಳೆದಿದ್ದರೆ ಸಿಗದೇ ಇರಬಹುದು. ಇದನ್ನು ತೂಗಿ ನೋಡಿ, "ಇಷ್ಟು ತಿಳಿದಿದೆ, ಇಷ್ಟರ ಮೇಲೆ ವಿವಾದವಿದೆ" ಎಂದು ಹೊಣೆ ಹೊತ್ತು ಬರೆಯುವವರು ಬೇಕು. ಕ್ಷಯದ ಔಷಧಕ್ಕೆ ಗುರಿ ಹುಡುಕುವವರು ಈ ಪುಟವನ್ನು ನಂಬಿ ವರ್ಷಗಟ್ಟಲೆ ದುಡಿಯುತ್ತಾರೆ.

ನಮ್ಮ ನೆಲದ ಉದಾಹರಣೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗಸುಮಾ ಚಂದ್ರ ಅವರ ತಂಡ 2005ರಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಮೈಕೋಲಿಕ್ ಆಮ್ಲ ಮಾರ್ಗವನ್ನು ಗಣಿತದ ಮಾದರಿಯಾಗಿ ಕಟ್ಟಿತು, 28 ಪ್ರೋಟೀನುಗಳು ನಡೆಸುವ 219 ಕ್ರಿಯೆಗಳು. ಕ್ಷಯದ ಔಷಧ ಐಸೋನಿಯಾಜಿಡ್ ಪೆಟ್ಟು ಕೊಡುವುದು ಇದೇ ಮಾರ್ಗಕ್ಕೆ. 2008ರಲ್ಲಿ ಅದೇ ತಂಡ ಔಷಧಕ್ಕೆ ಗುರಿಯಾಗಬಲ್ಲ ಪ್ರೋಟೀನುಗಳನ್ನು ಸೋಸಿ ತೆಗೆಯುವ ಟಾರ್ಗೆಟ್‌ಟಿಬಿ ಎಂಬ ಕ್ರಮವನ್ನು ಪ್ರಕಟಿಸಿತು. ಪ್ರಬಂಧಗಳಿಂದ ಆರಿಸಿ ತೆಗೆದ ಸಂಗತಿಗಳು ಕೈಯಲ್ಲಿಲ್ಲದಿದ್ದರೆ ಇಂಥ ಮಾದರಿಗಳು ನಿಲ್ಲುವುದೇ ಇಲ್ಲ. ಅದೇ 2008ರಲ್ಲಿ ಸಿಎಸ್‌ಐಆರ್ ಮುಕ್ತ ಔಷಧ ಸಂಶೋಧನಾ ಯೋಜನೆಯನ್ನು ಶುರು ಮಾಡಿತು. 2010ರ "ಕನೆಕ್ಟ್ ಟು ಡೀಕೋಡ್" ಕಾರ್ಯಕ್ರಮದಲ್ಲಿ ದೇಶದ ನೂರಾರು ವಿದ್ಯಾರ್ಥಿಗಳು ಕ್ಷಯದ ಜೀನ್‌ಗಳನ್ನು ಹಂಚಿಕೊಂಡು ಪ್ರಬಂಧ ಓದಿ ಮಾಹಿತಿ ತುಂಬಿದರು. ಕೆಲಸ ಪರಿಪೂರ್ಣವಾಗಿತ್ತು ಎನ್ನುವುದಿಲ್ಲ. ಆದರೆ ಒಂದು ಜೀನಿನ ಬಗ್ಗೆ ಹತ್ತು ಪ್ರಬಂಧ ಓದಿದ ಬಿ.ಎಸ್ಸಿ. ಹುಡುಗನಿಗೆ ಪುರಾವೆ ಎಂದರೇನೆಂದು ಮತ್ತೆ ಯಾರೂ ಕಲಿಸಬೇಕಾಗಿಲ್ಲ.

ಹೊರನಾಡಿಗ

ವೇಗವಾಹಿನಿ ಅವರೇ, ಯಂತ್ರಗಳನ್ನು ನಾವೂ ಬಳಸುತ್ತೇವೆ. ಓದಬೇಕಾದ ಪ್ರಬಂಧಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಡುವುದರಲ್ಲಿ ಅವು ನಿಜಕ್ಕೂ ಉಪಯುಕ್ತ. ತೊಂದರೆ ಇನ್ನೊಂದು ಕಡೆ ಇದೆ. ಆ ಯಂತ್ರಗಳಿಗೆ ಪಾಠವಾಗುವುದೂ, ಅವು ಸರಿಯೋ ತಪ್ಪೋ ಎಂದು ಅಳೆಯುವ ಮಾನದಂಡವಾಗುವುದೂ ಕೈಯಿಂದ ಬರೆದ ಆ ಐದು ಮುಕ್ಕಾಲು ಲಕ್ಷ ನಮೂದುಗಳೇ. ಮಾನದಂಡವನ್ನು ಹೊಸದಾಗಿಡುವವರು ನಿಂತರೆ ಮುಂದಿನ ತಪ್ಪನ್ನು ಹಿಡಿಯಲು ಏನೂ ಇರುವುದಿಲ್ಲ. ಹೊಸ ಪ್ರಯೋಗಕ್ಕೆ ಹಣ ಬೇಕು ಎಂಬ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಪ್ರಯೋಗ ಮಾಡಿದ ಮೇಲೆ ಅದು ಸರಿಯಾದ ಪುಟ ಸೇರಬೇಕಲ್ಲ?

ವೇಗವಾಹಿನಿ

ಆರ್‌ವಿ1248ಸಿ ಪ್ರಸಂಗ ನನಗೆ ತಿಳಿದಿರಲಿಲ್ಲ. "ಸಿಗಲಿಲ್ಲ" ಮತ್ತು "ಇಲ್ಲ" ಎಂಬ ವ್ಯತ್ಯಾಸ ಯಂತ್ರಕ್ಕೂ ಮುಂದೆ ತಿಳಿಯಬಹುದು ಎಂದೇ ಈಗಲೂ ನನ್ನ ನಂಬಿಕೆ. ಆದರೆ ಮಾನದಂಡದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ನಿವೃತ್ತ ಮೇಷ್ಟ್ರು

ಹಣದ ಮಾತು ಬಂದದ್ದು ಒಳ್ಳೆಯದಾಯಿತು. ಸ್ವಿಸ್-ಪ್ರಾಟ್ ಅನ್ನು ಅಮೋಸ್ ಬೈರೋಕ್ 1986ರಲ್ಲಿ ಶುರು ಮಾಡಿದರು. ಹತ್ತೇ ವರ್ಷಕ್ಕೆ, 1996ರಲ್ಲಿ, ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಜಗತ್ತಿನ ವಿಜ್ಞಾನಿಗಳು ಬೊಬ್ಬೆ ಹಾಕಿದ ಮೇಲೆ ಉಳಿಯಿತು. ಕೆಗ್ 2011ರಲ್ಲಿ ಪೂರ್ತಿ ಕಡತಗಳನ್ನು ಇಳಿಸಿಕೊಳ್ಳಲು ಚಂದಾ ಕೇಳಲಾರಂಭಿಸಿತು. ಜಾಲತಾಣದಲ್ಲಿ ನೋಡುವುದು ಶೈಕ್ಷಣಿಕ ಬಳಕೆದಾರರಿಗೆ ಉಚಿತವಾಗಿಯೇ ಉಳಿಯಿತು. 2017ರ ಹೊತ್ತಿಗೆ ಇಕೋಸೈಕ್ ಬಳಗದ ಬಯೋಸೈಕ್ ಸಂಗ್ರಹವೂ ಚಂದಾ ದಾರಿ ಹಿಡಿಯಿತು. ಅವರನ್ನು ದೂರುವ ಮನಸ್ಸು ನನಗಿಲ್ಲ, ಕ್ಯುರೇಟರುಗಳಿಗೆ ಸಂಬಳ ಎಲ್ಲಿಂದಲಾದರೂ ಬರಲೇಬೇಕು. ಆದರೆ ಜಿಲ್ಲಾ ಕೇಂದ್ರದ ಕಾಲೇಜಿನ ಹುಡುಗಿ ಡಾಲರಿನಲ್ಲಿ ಚಂದಾ ಕಟ್ಟಿ ಲೈಸೀನಿನ ಎರಡನೆಯ ದಾರಿ ನೋಡಬೇಕಾಗಿ ಬಂದರೆ ಅದು ಅನ್ಯಾಯವೇ. ಪ್ರಯೋಗಗಳಿಗೆ ಹಣ ಕೊಡುವ ಸರ್ಕಾರಗಳೇ ಇದಕ್ಕೂ ಕೊಡಬೇಕು. ಎರಡು ಮೂರು ವರ್ಷದ ಯೋಜನೆಗಳಾಗಿ ಅಲ್ಲ, ಗ್ರಂಥಾಲಯಕ್ಕೆ ಕೊಡುವ ಹಾಗೆ ನಿರಂತರವಾಗಿ. ಫರೀದಾಬಾದಿನಲ್ಲಿ 2022ರಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ತೆರೆದಿದೆ. ಸಂಗ್ರಹಿಸಿಡುವ ಯಂತ್ರಗಳ ಜೊತೆಗೆ, ಓದಿ ಬರೆಯುವ ಜನರನ್ನೂ ಅಲ್ಲಿ ಬೆಳೆಸಬೇಕು ಎಂಬುದು ನನ್ನ ಆಸೆ.

ಹಣವಿಲ್ಲದವರು ಸದ್ಯಕ್ಕೆ ಮಾಡಬಹುದಾದದ್ದು: ಬ್ಯಾಸಿಲಸ್ ಮೇಲೆ ಕೆಲಸ ಮಾಡುವವರು ಜರ್ಮನಿಯ ಗಟ್ಟಿಂಗನ್‌ನಿಂದ ನಡೆಯುವ ಸಬ್ಟಿವಿಕಿಯನ್ನು ನೋಡಿ. ಕ್ಷಯದವರಿಗೆ ಮೈಕೋಬ್ರೌಸರ್ ಇದೆ, ಸ್ಯೂಡೊಮೊನಾಸ್‌ನವರಿಗೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ್ದಿದೆ. ಒಂದೇ ಜೀವಿಯ ಮೇಲೆ ಕಣ್ಣಿಟ್ಟವರ ಡೇಟಾಬೇಸಿನಲ್ಲಿ ಸಿಗುವ ಆಳ ದೊಡ್ಡ ಸಂಗ್ರಹಗಳಲ್ಲಿ ಸಿಗುವುದು ಅಪರೂಪ.

ಕಾಡಮಲ್ಲಿಗೆ

ಇಷ್ಟು ಜನ ಇಷ್ಟು ಸಮಯ ಕೊಟ್ಟಿದ್ದಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ನೀವು ಹೇಳಿದಂತೆ ಬ್ಯಾಸಿಲಸ್ ಸಬ್ಟಿಲಿಸ್‌ನ ಡ್ಯಾಪ್-ಎಚ್ ಮತ್ತು ವೈ-ಕೆ-ಯು-ಆರ್ ಎರಡನ್ನೂ ಸ್ವಿಸ್-ಪ್ರಾಟ್‌ನಿಂದ ತೆಗೆದುಕೊಂಡು ನನ್ನ ಜೀನೋಮಿನ ಎದುರು ಇಟ್ಟೆ. ಎರಡೂ ಸಿಕ್ಕವು, ಪ್ರೋಟೀನಿನ ಪೂರ್ತಿ ಉದ್ದಕ್ಕೂ ಹೋಲಿಕೆಯಿದೆ, ಅಕ್ಕಪಕ್ಕದಲ್ಲೇ ಇವೆ. ಕಡತದಲ್ಲಿದ್ದ ಆ "ಎಂ20 ಕುಟುಂಬದ ಪೆಪ್ಟಿಡೇಸ್" ವೈ-ಕೆ-ಯು-ಆರ್‌ನ ಜೋಡಿಯೇ. ಅದರ ಪಕ್ಕದ ಜೀನಿಗೆ "ಅಸಿಟೈಲ್‌ಟ್ರಾನ್ಸ್‌ಫರೇಸ್" ಎಂದಷ್ಟೇ ಬರೆದಿದ್ದರು.

ಆದರೆ ನಡುವೆ ಅಮೈನೋ ಗುಂಪು ಕೂಡಿಸುವ ಹೆಜ್ಜೆ ಒಂದಿದೆ. ಅದಕ್ಕೆ ಪ್ಯಾಟ್-ಎ ಎಂಬ ಜೀನನ್ನು ತೋರಿಸುತ್ತಾರೆ, ನನ್ನಲ್ಲೂ ಅದು ಇದೆ. ಯುನಿಪ್ರಾಟ್ ಪುಟದಲ್ಲಿ ಮಾತ್ರ ಬ್ಯಾಸಿಲಸ್ ಸಬ್ಟಿಲಿಸ್‌ನ ಪ್ಯಾಟ್-ಎ ಹೆಸರಿನ ಮುಂದೆಯೇ "ಸಂಭಾವ್ಯ" ಎಂದಿದೆ, ಕಿಣ್ವದ ಕೆಲಸವನ್ನು ಸೂಚಿಸುವ ಸಂಖ್ಯೆಯ ಕೊನೆಯ ಅಂಕಿಯ ಜಾಗದಲ್ಲಿ ಗೆರೆ ಎಳೆದಿದ್ದಾರೆ, ಅಂದರೆ ನಿಖರವಾದ ಕೆಲಸ ಇನ್ನೂ ಖಚಿತವಲ್ಲ. ಪಟ್ಟಿಯಲ್ಲಿ ಈ ಹೆಜ್ಜೆಯನ್ನು "ಇದೆ" ಎಂದು ಬರೆಯಬಹುದೇ?

ದತ್ತಸಾಲು

ಪಟ್ಟಿಗೆ ಇನ್ನೊಂದು ಕಂಬಸಾಲು ಸೇರಿಸಿ: "ಯಾವ ಆಧಾರದ ಮೇಲೆ". ನಿಮ್ಮ ತಳಿಯ ಮಟ್ಟಿಗೆ ಎಲ್ಲ ಹೆಜ್ಜೆಗಳಿಗೂ ಸದ್ಯ ಇರುವುದು ಹೋಲಿಕೆಯ ಆಧಾರವೇ. ಆದರೆ ನೀವು ಹೋಲಿಸಿದ ಮೂಲ ಪ್ರೋಟೀನಿಗೆ ಎಂಥ ಪುರಾವೆ ಇದೆ ಎಂಬುದನ್ನು ಒಂದೊಂದರ ಎದುರೂ ಬರೆಯಿರಿ. ಪ್ಯಾಟ್-ಎ ಎದುರು "ಮೂಲದಲ್ಲೂ ಊಹೆ" ಎಂದು. ಇಡೀ ಮಾರ್ಗಕ್ಕೆ "ಲೈಸೀನ್ ಇಲ್ಲದೆ ಬೆಳವಣಿಗೆ, ಸ್ವಂತ ಪ್ರಯೋಗ" ಎಂದು. ಆ ಕೊನೆಯದು ನಿಮ್ಮ ಪಟ್ಟಿಯ ಅತ್ಯಂತ ಗಟ್ಟಿ ಸಾಲು.

ನಿವೃತ್ತ ಮೇಷ್ಟ್ರು

ಗೈಡ್ ಒಪ್ಪಿದರೆ, ಲ್ಯಾಬಿನಲ್ಲಿ ಅನುಕೂಲವಿದ್ದರೆ, ಪ್ಯಾಟ್-ಎಯನ್ನು ತೆಗೆದು ನೋಡಿ. ತಳಿ ಕಟ್ಟುವಾಗ ಎಲ್ಲ ಹಂತದ ಪ್ಲೇಟುಗಳಿಗೂ ಲೈಸೀನ್ ಜೊತೆಗೆ ಮೆಸೊ-ಡಿಎಪಿ ಹಾಕಬೇಕು, ಬರೀ ಲೈಸೀನ್ ಸಾಲದು. ಗೋಡೆಯ ವಿಷಯ ಮೊದಲೇ ಹೇಳಿದ್ದೇನೆ. ಡಿಎಪಿಯನ್ನು ನಿಮ್ಮ ತಳಿ ಒಳಗೆ ತೆಗೆದುಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಬೇಕು. ಆಮೇಲೆ ಡಿಎಪಿ ಇಲ್ಲದ ಪ್ಲೇಟಿಗೆ ಹಾಕಿ. ಬೆಳೆಯದಿದ್ದರೆ, ಜೀನನ್ನು ಮರಳಿ ಕೊಟ್ಟಾಗ ಬೆಳೆದರೆ, ನಿಮ್ಮ ತಳಿಯಲ್ಲಿ ಆ ಹೆಜ್ಜೆ ಪ್ಯಾಟ್-ಎಯದೇ ಎನ್ನಲು ಆಧಾರ ಸಿಕ್ಕಿತು. ಬೆಳೆದುಬಿಟ್ಟರೆ ಬೇರೊಂದು ಅಮೈನೊಟ್ರಾನ್ಸ್‌ಫರೇಸ್ ಅದೇ ಕೆಲಸ ಮಾಡುತ್ತಿದೆ ಎಂದರ್ಥ. ಇ. ಕೋಲೈಯಲ್ಲಿ ಅರ್ಜಿನೀನ್ ಮಾರ್ಗದ ಆರ್ಗ್-ಡಿ ಲೈಸೀನ್ ಮಾರ್ಗದ ಈ ಹೆಜ್ಜೆಯನ್ನೂ ನಡೆಸಬಲ್ಲದು, ಆದ್ದರಿಂದ ಅಂಥದ್ದು ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ.

ಹೊರನಾಡಿಗ

ಎರಡರಲ್ಲಿ ಯಾವ ಫಲಿತಾಂಶ ಬಂದರೂ ಪ್ರಕಟಿಸಿ, ಕಾಡಮಲ್ಲಿಗೆ ಅವರೇ. ಪ್ರಬಂಧದಲ್ಲಿ ತಳಿಯ ಹೆಸರನ್ನೂ ಜೀನೋಮಿನ ಸಂಖ್ಯೆಯನ್ನೂ ಬಿಡದೆ ಕೊಡಿ. ಅವು ಇಲ್ಲದ ಪ್ರಬಂಧಗಳನ್ನು ನಾವು ಬಯಸಿದರೂ ಯಾವ ಪುಟಕ್ಕೂ ಸೇರಿಸಲಾಗದೆ ಪಕ್ಕಕ್ಕಿಡಬೇಕಾಗುತ್ತದೆ. ಯುನಿಪ್ರಾಟ್‌ನ ಪ್ರತಿ ನಮೂದಿನಲ್ಲೂ ಪ್ರಬಂಧವನ್ನು ಸೂಚಿಸುವ ಅವಕಾಶವಿದೆ. ಪ್ರಬಂಧ ಅಚ್ಚಾದ ದಿನ ಅದನ್ನು ಪ್ಯಾಟ್-ಎಯ ಪುಟಕ್ಕೆ ನೀವೇ ಸೂಚಿಸಿ, ಯಾರಾದರೂ ಓದುತ್ತಾರೆ.

ಕಾಡಮಲ್ಲಿಗೆ

ಗೈಡ್ ಜೊತೆ ಮಾತನಾಡಿದೆ. ಡಿಎಪಿ ತರಿಸಲು ಒಪ್ಪಿದ್ದಾರೆ. ಜೀನ್ ತೆಗೆಯುವ ಪ್ಲಾಸ್ಮಿಡ್ ನಮ್ಮಲ್ಲಿಲ್ಲ. ಕಾಡು ಬ್ಯಾಸಿಲಸ್ ತಳಿಗಳಿಗೆ ಒಗ್ಗುವಂಥದ್ದು ಯಾವುದೆಂದು ಬಲ್ಲವರು ದಯವಿಟ್ಟು ತಿಳಿಸಿ.